ಹದಿನಾಲ್ಕನೇ ಪ್ರಶ್ನೆ

ಹೋದ ತಿಂಗಳು ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಒಂದು ಫಾರ್ಮ್ ಹಿಡಿದುಕೊಂಡು ಬಂದಳು. "ಮೇಡಂ, ಇದನ್ನ ಸಂಘದ ಮೀಟಿಂಗಲ್ಲೇ ಕೈ ಎತ್ತಿಸಿ ಮುಗಿಸಿಬಿಡ್ಲಾ? ಮನೆಮನೆಗೆ ಹೋದ್ರೆ ನಾಲ್ಕು ದಿನ ಬೇಕು" ಅಂದಳು. ಫಾರ್ಮ್ ತಿರುವಿ ನೋಡಿದೆ. ಹತ್ತೊಂಬತ್ತನೇ ಪ್ರಶ್ನೆ, ಮನೆಯಲ್ಲಿ ಗಂಡ ಹೊಡೆಯುತ್ತಾನಾ ಅನ್ನೋದು. ನನ್ನ ಕೈ ತಣ್ಣಗಾಯಿತು. "ಬೇಡ, ನಾಲ್ಕು ದಿನ ತಗೋ" ಅಂದೆ. ಯಾಕೆ ಅಂತ ಕೇಳಿದಳು. ಆ ಹೊತ್ತಿಗೆ ಹೇಳಲು ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2012ರಲ್ಲಿ ನಾನು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿದ್ದೆ. ಬೊಂಗ್ ಕೌಂಟಿಯ ಗ್ಬಾರ್ಂಗಾ ಊರಿನಲ್ಲಿ ಪೋಸ್ಟಿಂಗ್. ಅಲ್ಲಿಯವರ ಬಾಯಲ್ಲಿ ಅದು ಬಾಂಗಾ. ಎಂ ಅಂಡ್ ಇ ಕೆಲಸ, ಅಂದರೆ ಪ್ರಾಜೆಕ್ಟಿನಿಂದ ಏನಾಯಿತು ಅಂತ ಅಳೆದು ವರದಿ ಮಾಡೋದು. ಅದಕ್ಕೂ ಮೊದಲು ಆರು ವರ್ಷ ಹಾವೇರಿ ಜಿಲ್ಲೆಯಲ್ಲಿ ಸ್ತ್ರೀಶಕ್ತಿ ಸಂಘಗಳ ಜೊತೆ ದುಡಿದಿದ್ದೆ. ಅಲ್ಲಿ ಎಲ್ಲವೂ ಕೈ ಎತ್ತಿಸಿಯೇ ನಡೆಯುತ್ತಿತ್ತು. ಸಾಲ ಎಷ್ಟು ಜನಕ್ಕೆ ಬೇಕು, ಶೌಚಾಲಯ ಯಾರಿಗಿಲ್ಲ, ಹಸು ಯಾರು ತಗೊಂಡರು. ಹೆಂಗಸರು ನಗುತ್ತಾ ಕೈ ಎತ್ತುತ್ತಿದ್ದರು, ನಾನು ಎಣಿಸುತ್ತಿದ್ದೆ. ಆ ರೂಢಿಯನ್ನು ನಾನು ಹಾಗೆಯೇ ಬಾಂಗಾಕ್ಕೆ ತೆಗೆದುಕೊಂಡು ಹೋಗಿದ್ದೆ.

ಲೈಬೀರಿಯಾದಲ್ಲಿ 1989ರ ಡಿಸೆಂಬರಿನಲ್ಲಿ ಶುರುವಾದ ಅಂತರ್ಯುದ್ಧ ನಡುವೆ ಒಮ್ಮೆ ನಿಂತು, ಮತ್ತೆ ಹೊತ್ತಿಕೊಂಡು, 2003ರವರೆಗೆ ನಡೆಯಿತು. ಸತ್ತವರು ಎರಡೂವರೆ ಲಕ್ಷದಷ್ಟು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ದಂಗೆ ಶುರು ಮಾಡಿ ಕೊನೆಗೆ ಅಧ್ಯಕ್ಷನೂ ಆದ ಚಾರ್ಲ್ಸ್ ಟೇಲರ್‌ನ ಮುಖ್ಯ ನೆಲೆ ಇದೇ ಬಾಂಗಾ. ಊರು ಕೈಯಿಂದ ಕೈಗೆ ಹೋಗಿದೆ. ಹಾಗಾಗಿ ಒಂದೇ ಬೀದಿಯಲ್ಲಿ ಒಂದು ಮನೆಯ ಹುಡುಗ ಒಂದು ಗುಂಪಿನಲ್ಲಿದ್ದ, ಪಕ್ಕದ ಮನೆಯವನು ಅದರ ಎದುರಾಳಿ ಗುಂಪಿನಲ್ಲಿದ್ದ. ಯುದ್ಧ ಮುಗಿದ ಮೇಲೆ ಇಬ್ಬರೂ ಅದೇ ಬೀದಿಗೆ ವಾಪಸ್ ಬಂದರು. ಇಬ್ಬರ ತಾಯಂದಿರೂ ಅದೇ ಬಾವಿಯಲ್ಲಿ ನೀರು ಸೇದುತ್ತಾರೆ.

ನಮ್ಮ ಪ್ರಾಜೆಕ್ಟ್ ಇದ್ದದ್ದು ಪೀಸ್ ಹಟ್‌ಗಳ ಮೇಲೆ. ನಮ್ಮ ಕಡೆ ಅರಳಿಕಟ್ಟೆ ಹೇಗೋ, ಅಲ್ಲಿ ಹಳ್ಳಿಯ ಜಗಳ ಬಗೆಹರಿಸಲು ಪಲಾವಾ ಹಟ್ ಅಂತ ಹಳೆಯ ಪದ್ಧತಿ. ಕೂರುತ್ತಿದ್ದವರು ಹೆಚ್ಚಾಗಿ ಗಂಡಸರು. ಯುದ್ಧ ಮುಗಿದ ಮೇಲೆ ಹೆಂಗಸರು ತಮ್ಮದೇ ಗುಡಿಸಲು ಕಟ್ಟಿಕೊಂಡು ಅದನ್ನು ಪೀಸ್ ಹಟ್ ಅಂದರು. ಹೊಲದ ಗಡಿ, ಮನೆ ಖರ್ಚಿಗೆ ದುಡ್ಡು ಕೊಡದ ಗಂಡ, ಮೇಕೆಗೆ ಬೈಕ್ ಗುದ್ದಿದ ಹುಡುಗ, ಎಲ್ಲ ಅಲ್ಲಿಗೆ ಬರುತ್ತಿತ್ತು. ಅತ್ಯಾಚಾರದ ಕೇಸ್ ಮಾತ್ರ ಅಲ್ಲಿ ರಾಜಿಗೆ ಕೂರಿಸುತ್ತಿರಲಿಲ್ಲ. 2006ರಲ್ಲಿ ಜಾರಿಗೆ ಬಂದ ಕಾನೂನಿನ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ನೇರ ಪೊಲೀಸರಿಗೆ ಫೋನ್, ಇಲ್ಲ ಆಸ್ಪತ್ರೆ. ಗುಡಿಸಲಿನ ಕಂಬದ ಮೇಲೆ ಪೊಲೀಸ್ ನಂಬರನ್ನು ಇದ್ದಿಲಿನಲ್ಲಿ ಬರೆದಿದ್ದರು.

ನಾನು ಹೋದ ಹಟ್ ನಡೆಸುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಓಲ್ಡ್‌ಮಾ ಅನ್ನುತ್ತಿದ್ದರು. ಹಿರಿಯರನ್ನೆಲ್ಲ ಅಲ್ಲಿ ಹಾಗೇ ಕರೆಯೋದು. ಈ ಓಲ್ಡ್‌ಮಾ 2003ರಲ್ಲಿ ರಾಜಧಾನಿ ಮನ್ರೋವಿಯಾದ ಮೀನು ಮಾರ್ಕೆಟ್ ಪಕ್ಕದ ಬಯಲಿನಲ್ಲಿ, ಯುದ್ಧ ನಿಲ್ಲಲಿ ಅಂತ ಬಿಳಿ ಬಟ್ಟೆ ಹಾಕಿಕೊಂಡು ಕೂತವರಲ್ಲಿ ಒಬ್ಬರು. ಟೇಲರ್‌ನ ಕಾರು ಓಡಾಡುವ ದಾರಿ ಅದು. ಆ ಚಳವಳಿಯ ಮುಂದಾಳು ಲೇಮಾ ಗ್ಬೋವಿಯವರ ಜೊತೆ ಕ್ರಿಶ್ಚಿಯನ್ ಹೆಂಗಸರೂ ಮುಸ್ಲಿಂ ಹೆಂಗಸರೂ ಬಿಸಿಲು ಮಳೆ ಅನ್ನದೆ ಕೂತರು. ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಎಳೆಯುತ್ತಲೇ ಹೋದಾಗ ಅವರದೇ ಒಂದು ಗುಂಪು ಅಲ್ಲಿಗೂ ಹೋಯಿತು. ಜುಲೈನಲ್ಲಿ ಒಂದು ದಿನ ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದ ಆಗದೆ ಯಾರನ್ನೂ ಹೊರಗೆ ಬಿಡೋದಿಲ್ಲ ಅಂದರು. ಕಾವಲುಗಾರರು ಹಿಡಿಯಲು ಬಂದಾಗ ಗ್ಬೋವಿ ಬಟ್ಟೆ ಬಿಚ್ಚುತ್ತೇನೆ ಅಂತ ಎದ್ದು ನಿಂತರು. ತಾಯಿ ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಅನ್ನೋ ನಂಬಿಕೆ ಅಲ್ಲಿಯದು. ಆಗಸ್ಟ್ 11ಕ್ಕೆ ಟೇಲರ್ ದೇಶ ಬಿಟ್ಟ. 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಓಲ್ಡ್‌ಮಾ ಅಕ್ರಾಕ್ಕೆ ಹೋದವರಲ್ಲ, ಬಯಲಲ್ಲಿ ಕೂತವರು. ಆ ಬಿಳಿ ಟೀ ಶರ್ಟ್ ಅವರ ಟ್ರಂಕಿನಲ್ಲಿ ಇನ್ನೂ ಇತ್ತು. ಒಮ್ಮೆ ತೆಗೆದು ತೋರಿಸಿದ್ದರು. ಮಡಿಕೆಯಲ್ಲಿ ಹಳದಿ ಬಿದ್ದಿತ್ತು.

ಇಂಥವರ ಗುಡಿಸಲಿಗೆ ನಾನು ಕ್ಲಿಪ್‌ಬೋರ್ಡ್ ಹಿಡಿದು ಹೋದೆ.

ಆಗಸ್ಟ್ ತಿಂಗಳು, ಮಳೆಗಾಲದ ನಡುಮಧ್ಯ. ಕೆಂಪು ಮಣ್ಣಿನ ರಸ್ತೆ. ಬಾಂಗಾದಿಂದ ಆ ಹಳ್ಳಿಗೆ ಎರಡು ಗಂಟೆ, ಅದರಲ್ಲಿ ಎರಡು ಮರದ ಸೇತುವೆ. ಸೆಕ್ಯುರಿಟಿ ನಿಯಮದ ಪ್ರಕಾರ ಸಂಜೆ ಆರಕ್ಕೆ ಗಾಡಿ ಬೇಸ್‌ನಲ್ಲಿರಬೇಕು. ಇಡೀ ಆಫೀಸಿಗೆ ಓಡುವ ಸ್ಥಿತಿಯಲ್ಲಿದ್ದ ಗಾಡಿ ಒಂದೇ. ಫಾರ್ಮಿನಲ್ಲಿ 41 ಪ್ರಶ್ನೆ. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಹಟ್‌ನಲ್ಲಿ 23 ಹೆಂಗಸರು. ಕ್ವಾರ್ಟರ್ ಮುಗಿಯುತ್ತಾ ಬಂದಿತ್ತು, ಬೇಸ್‌ಲೈನ್, ಅಂದರೆ ಪ್ರಾಜೆಕ್ಟ್ ಶುರುವಿನ ಸರ್ವೆ, ಎಲ್ಲಿ ಅಂತ ಮೇಲಿಂದ ದಿನಕ್ಕೊಂದು ಮೇಲ್. ಲೆಕ್ಕ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತದೆ, ಈ ಕೆಲಸ ಆ ಗಾಡಿಯಲ್ಲಿ ಆ ದಿನಗಳಲ್ಲಿ ಆಗುವಂಥದ್ದಲ್ಲ ಅಂತ. ಫಾರ್ಮ್ ಬರೆದವರು ಈ ಲೆಕ್ಕ ಹಾಕಿರಲಿಲ್ಲ. ಬೇರೆ ದೇಶದ ಪ್ರಾಜೆಕ್ಟಿನ ಫಾರ್ಮನ್ನೇ ಎತ್ತಿ ಹೆಸರು ಬದಲಾಯಿಸಿ ಕಳಿಸಿದ್ದರು. ನಾನು ಅದನ್ನು ಮೇಲಿನವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಗುಂಪಿನಲ್ಲಿ ಕೈ ಎತ್ತಿಸಿ ಮುಗಿಸುತ್ತೇನೆ ಅಂದುಕೊಂಡೆ.

ಗಾಡಿಯಲ್ಲಿ ನಮ್ಮ ಮೊಬಿಲೈಸರ್, ಅಂದರೆ ಹಳ್ಳಿಯವರನ್ನು ಸೇರಿಸುವ ಸ್ಥಳೀಯ ಸಹೋದ್ಯೋಗಿ, ಪಕ್ಕದಲ್ಲಿದ್ದಳು. ಕ್ಪೆಲ್ಲೆ ಮಾತಾಡುವ ಅದೇ ಸೀಮೆಯ ಹೆಂಗಸು. ಫಾರ್ಮ್ ಓದುತ್ತಾ ಹದಿನಾಲ್ಕಕ್ಕೆ ಬಂದು ನಿಂತಳು. "ಸಿಸ್, ಇದನ್ನ ಅಲ್ಲಿ ಕೇಳೋದು ಬೇಡ. ಮನೆಯಲ್ಲಿ ಕೂತು ನಿಧಾನಕ್ಕೆ ಕೇಳೋಣ" ಅಂದಳು. ನಾನು ವಾಚ್ ನೋಡಿ, "ಆರು ಗಂಟೆಗೆ ವಾಪಸ್ ಇರಬೇಕಲ್ಲ" ಅಂದೆ. ಅವಳು ಇನ್ನೊಮ್ಮೆ ಹೇಳಲಿಲ್ಲ. ಸುಮ್ಮನಾದಳು ಅಂದರೆ ಒಪ್ಪಿದಳು ಅಂತ ತಿಳಿದೆ.

ಹಟ್‌ನಲ್ಲಿ ಮೊದಲು ಒಂದು ಕ್ರಿಶ್ಚಿಯನ್ ಪ್ರಾರ್ಥನೆ, ಆಮೇಲೆ ಒಂದು ಮುಸ್ಲಿಂ ಪ್ರಾರ್ಥನೆ. ಬಂದವರಿಗೆ ಮರ್ಯಾದೆಗೆ ಕೊಡುವ ಕೋಲಾ ಕಾಯಿ ನನಗೂ ಕೊಟ್ಟರು. ಹದಿಮೂರು ಪ್ರಶ್ನೆ ಸಲೀಸಾಗಿ ಹೋಯಿತು. ಮಕ್ಕಳೆಷ್ಟು, ಮನೆಗೆ ಜಿಂಕ್ ಶೀಟ್ ಇದೆಯಾ, ಅಕ್ಕಿ ಬೆಳೆಯುತ್ತೀರಾ, ಕೊಳ್ಳುತ್ತೀರಾ. ಕೊಳ್ಳುವ ಅಕ್ಕಿ ನಿಮ್ಮ ದೇಶದ್ದೇ ಅಂತ ಒಬ್ಬಳು ಹೇಳಿದಳು, ಎಲ್ಲರೂ ನಕ್ಕರು. ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಹಾವೇರಿಯಲ್ಲಿ ಕೂತ ಹಾಗೇ ಅನಿಸಿತ್ತು.

ಹದಿನಾಲ್ಕನೇ ಪ್ರಶ್ನೆ ಹೀಗಿತ್ತು: 1989ರಿಂದ 2003ರ ನಡುವೆ ನಿಮ್ಮ ಮನೆಯವರು ಯಾರಾದರೂ ಹೋರಾಟದ ಗುಂಪಿನಲ್ಲಿದ್ದರಾ? ಇದ್ದರೆ ಯಾವ ಗುಂಪು? ಕೆಳಗೆ ಕೋಡ್‌ಗಳು. ಒಂದು ಎನ್‌ಪಿಎಫ್‌ಎಲ್, ಎರಡು ಯುಲಿಮೊ, ಮೂರು ಲರ್ಡ್, ಹಾಗೇ ಮುಂದಕ್ಕೆ.

ನಾನು ಓದಿದೆ. ಮೊಬಿಲೈಸರ್ ಅನುವಾದ ಮಾಡಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಓದಿದೆ. ಅವಳು ನೆಲ ನೋಡುತ್ತಿದ್ದಳು. ಆಗ ನಾನೇ ನನಗೆ ಬರುವಷ್ಟು ಲೈಬೀರಿಯನ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಯಾವ ಗುಂಪು ಅಂತ ಒಂದೊಂದೇ ಹೆಸರು ಕರೆಯುತ್ತೇನೆ, ನಿಮ್ಮ ಮನೆಯವರಿದ್ದರೆ ಕೈ ಎತ್ತಿ ಅಂದೆ. ಹೇಗೆ ಅಂತ ತೋರಿಸಲು ನನ್ನ ಕೈಯನ್ನೇ ಎತ್ತಿದೆ.

ಯಾರೂ ಅಲುಗಲಿಲ್ಲ. ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದವಳ ಕೈ ನಿಂತಿತು. 23 ಜನರ ನಡುವೆ ಎತ್ತಿದ್ದ ಕೈ ನನ್ನದೊಂದೇ. ಅದನ್ನು ಇಳಿಸಬೇಕು ಅಂತ ಗೊತ್ತಾಗುತ್ತಿತ್ತು. ಆದರೆ ಇಳಿಸಿದರೆ ಮುಂದೇನು ಅಂತ ಗೊತ್ತಿರಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದೆನೋ. ಈಗಲೂ ಆ ಭುಜದ ನೋವು ನೆನಪಿದೆ.

"ಇದು ಕೋರ್ಟಿಗಾ?" ಅಂತ ಒಬ್ಬಳು ಕೇಳಿದಳು.

"ಇಲ್ಲ ಇಲ್ಲ, ಆಫೀಸಿಗೆ" ಅಂದೆ.

"ಯಾವ ಆಫೀಸು?"

ಸುಳ್ಳು ಹೇಳಬಾರದು ಅಂತ ಇದ್ದದ್ದನ್ನೇ ಹೇಳಿದೆ. ಕೊನೆಗೆ ಇದು ಯುರೋಪಿಗೆ ಹೋಗುತ್ತದೆ, ದುಡ್ಡು ಕೊಡುವವರು ಅಲ್ಲಿದ್ದಾರೆ ಅಂದೆ.

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಅದೇ ವರ್ಷ ಏಪ್ರಿಲ್ 26ಕ್ಕೆ ಯುರೋಪಿನ ಹೇಗ್‌ನಲ್ಲಿ ಟೇಲರ್ ತಪ್ಪಿತಸ್ಥ ಅಂತ ತೀರ್ಪು ಬಂದಿತ್ತು. ಮೇ 30ಕ್ಕೆ 50 ವರ್ಷ ಶಿಕ್ಷೆ. ಆ ಕೇಸು ಪಕ್ಕದ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳದ್ದು. ಲೈಬೀರಿಯಾದೊಳಗೆ ನಡೆದದ್ದಕ್ಕೆ ಅಲ್ಲಿ ಒಂದೂ ವಿಚಾರಣೆ ನಡೆದಿರಲಿಲ್ಲ. 2009ರಲ್ಲಿ ಸತ್ಯಶೋಧನಾ ಆಯೋಗ ಯಾರ ಮೇಲೆ ಕೇಸು ಹಾಕಬೇಕು ಅಂತ ಹೆಸರುಗಳ ಪಟ್ಟಿ ಕೊಟ್ಟು, ಅದು ಹಾಗೇ ಬಿದ್ದಿತ್ತು. ತೀರ್ಪು ಬಂದ ಮೇಲೆ ಬಾಂಗಾದ ರೇಡಿಯೋದಲ್ಲಿ ಅದೇ ಮಾತು. ಮುಂದಿನ ಸರದಿ ನಮ್ಮದಾ, ಯಾರಾದರೂ ಪಟ್ಟಿ ಮಾಡುತ್ತಿದ್ದಾರಾ? ನಾನೂ ಅದನ್ನು ಕೇಳಿಸಿಕೊಂಡಿದ್ದೆ. ಸಿಟ್‌ರೆಪ್‌ನಲ್ಲಿ, ಅಂದರೆ ಪರಿಸ್ಥಿತಿಯ ವರದಿಯಲ್ಲಿ, ಎರಡು ಸಾಲು ಬರೆದೂ ಇದ್ದೆ. ನನ್ನ ಕೈಯಲ್ಲಿದ್ದ ಫಾರ್ಮಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ.

ಇನ್ನೊಂದು ವಿಷಯವೂ ಇತ್ತು. 2007ರಿಂದ ಮನ್ರೋವಿಯಾದಲ್ಲಿ ನಮ್ಮ ಸಿಆರ್‌ಪಿಎಫ್‌ನ ಮಹಿಳೆಯರ ತುಕಡಿ ಇತ್ತು. ವಿಶ್ವಸಂಸ್ಥೆಯ ಕೆಲಸಕ್ಕೆ ಹೋದ, ಪೂರ್ತಿ ಹೆಂಗಸರೇ ಇದ್ದ ಮೊದಲ ಪೊಲೀಸ್ ತುಕಡಿ ಅದು. ಲೈಬೀರಿಯಾದ ಹೆಂಗಸರಿಗೆ ಅವರ ಮೇಲೆ ತುಂಬಾ ಗೌರವ. ನಾನು ಎಲ್ಲಿಗೆ ಹೋದರೂ "ನೀನೂ ಆ ಇಂಡಿಯನ್ ಪೊಲೀಸಾ?" ಅಂತ ಪ್ರೀತಿಯಿಂದ ಕೇಳುತ್ತಿದ್ದರು. ಆ ದಿನ ಗುಡಿಸಲಿನಲ್ಲಿ ಅದೇ ಪ್ರಶ್ನೆ ಬಂತು. ಪ್ರೀತಿ ಇರಲಿಲ್ಲ.

ಆಮೇಲೆ ಒಬ್ಬಳು ಎದ್ದಳು. ಲಪ್ಪಾ, ಅಂದರೆ ಸೊಂಟಕ್ಕೆ ಸುತ್ತುವ ಬಟ್ಟೆ, ಬಿಗಿದು ಕಟ್ಟಿಕೊಂಡು, ಮಗುವನ್ನು ಬೆನ್ನಿಗೆ ಹಾಕಿಕೊಂಡು ಮಳೆಯಲ್ಲೇ ಹೊರಟಳು. ಅವಳ ಬೆನ್ನಿಗೆ ಯಾರೋ ಕ್ಪೆಲ್ಲೆಯಲ್ಲಿ ಒಂದು ಮಾತು ಎಸೆದರು. ಸಣ್ಣ ಮಾತು. ಎದುರು ಬೆಂಚಿನಿಂದ ಇನ್ನೊಬ್ಬಳು ಎದ್ದು ಕೂಗಿದಳು. ಇವಳೂ ಕೂಗಿದಳು. ನಾಲ್ಕೈದು ನಿಮಿಷ ಇರಬಹುದು. ನನಗೆ ಒಂದು ಪದವೂ ಅರ್ಥ ಆಗಲಿಲ್ಲ. ಹೇಳಿ ಅಂತ ಮೊಬಿಲೈಸರ್ ಮುಖ ನೋಡಿದೆ. "ಇದನ್ನ ನಾನು ಹೇಳಲ್ಲ, ಸಿಸ್" ಅಂದಳು.

ಓಲ್ಡ್‌ಮಾ ಕೂಗಾಡಲಿಲ್ಲ. ಇಬ್ಬರ ನಡುವೆ ಹೋಗಿ ನಿಂತರು, ಅಷ್ಟೇ. ಅವರ ಎತ್ತರ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಇಬ್ಬರೂ ಸುಮ್ಮನಾಗುವವರೆಗೆ ನಿಂತೇ ಇದ್ದರು. ಆಮೇಲೆ ನನ್ನ ಹತ್ತಿರ ಬಂದು ಕೈ ಚಾಚಿದರು. ಕ್ಲಿಪ್‌ಬೋರ್ಡ್ ಕೊಟ್ಟೆ. ಫಾರ್ಮುಗಳನ್ನು ತೆಗೆದು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡು, ಹಲಗೆ ನನಗೆ ವಾಪಸ್ ಕೊಟ್ಟರು. "ಇವು ನನ್ನ ಹತ್ತಿರ ಇರಲಿ" ಅಂದರು.

ವಾಪಸ್ ಬರುವಾಗ ಮೊಬಿಲೈಸರ್ ಹೇಳಿದಳು. ಯಾರ ಮನೆ ಯಾವ ಕಡೆ ಇತ್ತು ಅನ್ನೋದು ಆ 23 ಜನಕ್ಕೂ ಗೊತ್ತು. ಮೊದಲಿನಿಂದಲೂ ಗೊತ್ತು. ಅದನ್ನು ಬಾಯಿಂದ ಆಡದೆ ಎಂಟು ವರ್ಷದಿಂದ ಒಂದೇ ಗುಡಿಸಲಿನಲ್ಲಿ ಕೂರುತ್ತಿದ್ದಾರೆ. ಎದ್ದು ಹೋದವಳ ಕಥೆಯನ್ನೂ ಹೇಳಿದಳು. ಅದನ್ನು ಇಲ್ಲಿ ಬರೆಯೋದಿಲ್ಲ. ಅದು ಅವಳದು. ಇಷ್ಟು ಮಾತ್ರ ಹೇಳಬಹುದು. ಯುದ್ಧ ಮುಗಿದ ಮೇಲೆ ನಿಶ್ಶಸ್ತ್ರೀಕರಣ ನಡೆದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಅದರಲ್ಲಿ 22 ಸಾವಿರಕ್ಕೂ ಜಾಸ್ತಿ ಹೆಂಗಸರು. ಬಂದೂಕು ಹಿಡಿದವರು, ಅಡುಗೆ ಮಾಡಿಕೊಟ್ಟವರು, ಸಾಮಾನು ಹೊತ್ತವರು, ಎಳೆದುಕೊಂಡು ಹೋಗಿ ಹೆಂಡತಿ ಅಂತ ಇಟ್ಟುಕೊಂಡಿದ್ದವರು, ಎಲ್ಲರೂ ಆ ಎಣಿಕೆಯಲ್ಲಿ ಸೇರಿದ್ದಾರೆ. ಊರವರಿಗೆ ಗೊತ್ತಾಗುತ್ತದೆ ಅಂತ ಹೆಸರೇ ಕೊಡದವರೂ ಇದ್ದರು. ಅಂಥ ಎಷ್ಟು ಜನರ ಎದುರು ನಾನು ಕೈ ಎತ್ತಿ ಕೂತಿದ್ದೆ!

ಆಫೀಸಿನಲ್ಲಿ ಇನ್ಸಿಡೆಂಟ್ ರಿಪೋರ್ಟ್ ಬರೆಸಿಕೊಂಡರು. ಲೆಟರ್‌ಹೆಡ್ ಮೇಲೆ ಒಂದು ಕ್ಷಮಾಪಣೆ ಪತ್ರ ಕಳಿಸಿ ಅಂದರು. ಓಲ್ಡ್‌ಮಾ ಅದನ್ನು ಓದಿಸಿಕೊಂಡು ವಾಪಸ್ ಕಳಿಸಿದರು. ಅವಳೇ ಬಂದು ಕೂರಲಿ ಅಂತ ಹೇಳಿ ಕಳಿಸಿದರು.

ಮುಂದಿನ ಬುಧವಾರ ಅವರ ಸಂಘದ ಪೆಟ್ಟಿಗೆ ತೆಗೆಯಲು ಆಗಲಿಲ್ಲ. ಈ ಪೆಟ್ಟಿಗೆ ವಿಷಯ ಸ್ವಲ್ಪ ಹೇಳಬೇಕು. ವಾರವಾರ ದುಡ್ಡು ಹಾಕುವ ಕಬ್ಬಿಣದ ಪೆಟ್ಟಿಗೆ, ಮೂರು ಬೀಗ, ಮೂರು ಕೈಯಲ್ಲಿ ಮೂರು ಕೀ. ಮೂವರೂ ಬಂದರೇ ತೆಗೆಯೋದು. ಉಳಿತಾಯದ ಗುಂಪುಗಳಲ್ಲಿ ಇದು ಎಲ್ಲ ಕಡೆ ಇರೋದೇ. ನಮ್ಮ ಟ್ರೇನಿಂಗಿನಲ್ಲೇ ಹೇಳಿಕೊಡುತ್ತೇವೆ. ಆ ಮೂರು ಕೀ ಯಾರ ಹತ್ತಿರ ಇದ್ದವು ಅಂತ ನಾನು ಯಾವತ್ತೂ ವಿಚಾರಿಸಿರಲಿಲ್ಲ. ಓಲ್ಡ್‌ಮಾ ಯೋಚಿಸಿ ಕೊಟ್ಟಿದ್ದರು. ಒಂದು ಕೀ ಮಗನನ್ನು ಕಳೆದುಕೊಂಡವಳ ಹತ್ತಿರ. ಇನ್ನೊಂದು, ಆ ಮಗನನ್ನು ಕೊಂದ ಗುಂಪಿನಲ್ಲಿ ತಮ್ಮ ಇದ್ದವಳ ಹತ್ತಿರ. ಮೂರನೆಯದು ಆ ದಿನ ಎದ್ದು ಹೋದವಳ ಹತ್ತಿರ. ಎಂಟು ವರ್ಷದಲ್ಲಿ ಒಂದು ಬುಧವಾರವೂ ಆ ಪೆಟ್ಟಿಗೆ ತೆಗೆಯದೆ ಉಳಿದಿರಲಿಲ್ಲ. ನನ್ನ ಫಾರ್ಮಿನಲ್ಲಿ ಇದರ ಬಗ್ಗೆಯೂ ಒಂದು ಪ್ರಶ್ನೆ ಇತ್ತು, ಮೂವತ್ತೆರಡನೆಯದು: ಉಳಿತಾಯದ ಗುಂಪು ನಡೆಯುತ್ತಿದೆಯಾ, ಹೌದು, ಇಲ್ಲ. ಸೋಷಿಯಲ್ ಕೊಹೆಷನ್, ಅಂದರೆ ಜನರ ನಡುವಿನ ಒಗ್ಗಟ್ಟು, ಅಳೆಯಲು ಇಟ್ಟಿದ್ದು ಮಾತ್ರ ಹದಿನಾಲ್ಕನೇ ಪ್ರಶ್ನೆ.

ಸೆಪ್ಟೆಂಬರಿಗೆ ಅಲ್ಲಿ ಶಾಲೆ ಶುರು. ಫೀಸಿನ ದುಡ್ಡು ಆ ಪೆಟ್ಟಿಗೆಯಲ್ಲಿತ್ತು.

ಗಾಡಿ ಸಿಗಲಿಲ್ಲ. ಪರ್ಮಿಷನ್ ಬರೆಸಿಕೊಂಡು, ಮೊಬಿಲೈಸರ್ ಜೊತೆ ಪೆನ್‌ಪೆನ್‌ನಲ್ಲಿ, ಅಂದರೆ ಬಾಡಿಗೆ ಬೈಕಿನಲ್ಲಿ ಹೋದೆ. ಓಲ್ಡ್‌ಮಾ ಕೋಲಾ ಕಾಯಿ ಹಿಡಿದು ಮುಂದೆ, ನಾವಿಬ್ಬರು ಹಿಂದೆ. ಮೂರು ಮನೆಗೆ ಹೋದೆವು. ಅವರು ಹೇಳುವವರೆಗೆ ನಾನು ಬಾಯಿ ತೆಗೆಯುವ ಹಾಗಿರಲಿಲ್ಲ. ಕೊನೆಯದು ಎದ್ದು ಹೋದವಳ ಮನೆ. ಜಗಲಿಯಲ್ಲಿ ಅವಳು ಶೇಂಗಾ ಸುಲಿಯುತ್ತಿದ್ದಳು. ನಾವು ಕೂತೆವು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೂ ಶೇಂಗಾ ಕೈಗೆ ತೆಗೆದುಕೊಂಡೆ. ಅದೊಂದು ಕೆಲಸ ನನಗೂ ಬರುತ್ತಿತ್ತು. ಸುಮಾರು ಒಂದು ಗಂಟೆ ಹಾಗೇ ಸುಲಿದೆವು.

ಆಮೇಲೆ ಓಲ್ಡ್‌ಮಾ ಚೀಲದಿಂದ ಆ ಫಾರ್ಮುಗಳನ್ನು ತೆಗೆದು ನನ್ನ ಮಡಿಲಿಗೆ ಇಟ್ಟರು. ಏನು ಮಾಡಬೇಕು ಅಂತ ಹೇಳಲಿಲ್ಲ. ತುಂಬಿದ ಫಾರ್ಮ್ ಹಾಳು ಮಾಡಬಾರದು ಅಂತ ನಮ್ಮಲ್ಲಿ ನಿಯಮ. ಒಲೆ ಪಕ್ಕದಲ್ಲೇ ಉರಿಯುತ್ತಿತ್ತು. ಒಂದೊಂದಾಗಿ ಹಾಕಿದೆ. ಅವಳು ಎಲ್ಲವೂ ಬೂದಿಯಾಗುವವರೆಗೆ ನೋಡಿದಳು.

"ನಿಮ್ಮ ಊರಿಗೆ ಯುದ್ಧ ಬಂದಿತ್ತಾ?" ಅಂತ ಕೇಳಿದಳು.

ಇಲ್ಲ ಅಂದೆ.

ಅವಳು ತಲೆ ಆಡಿಸಿದಳು. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಹದಿನಾಲ್ಕನೇ ಪ್ರಶ್ನೆಗಾಗಿ ಹೆಡ್ ಆಫೀಸಿನ ಜೊತೆ ಎರಡು ತಿಂಗಳು ಜಗಳ ಆಡಿದೆ. ಡೇಟಾ ಮಿಸ್ಸಿಂಗ್ ಅಂತ ಶೀಟ್ ವಾಪಸ್ ಬರುತ್ತಿತ್ತು, ನಾನು ಹಾಗೇ ಕಳಿಸುತ್ತಿದ್ದೆ. ಕೊನೆಗೆ ಅದನ್ನು ತೆಗೆದರು. ಫಾರ್ಮುಗಳು ಏನಾದವು ಅಂತ ಕೇಳಿದಾಗ ಸುಟ್ಟೆ ಅಂತಲೇ ಬರೆದೆ. ಆ ವರ್ಷದ ಅಪ್ರೈಸಲ್‌ನಲ್ಲಿ ಅದು ಬಂತು. ಬರಲಿ. ಹಳ್ಳಿಗೆ ಹೋಗದವರು ಪ್ರಶ್ನೆ ಬರೆಯುವುದು, ಗಾಡಿ ಎಷ್ಟು ಹೊತ್ತು ಸಿಗುತ್ತದೆ ಅನ್ನೋದರ ಮೇಲೆ ಅದನ್ನು ಹೇಗೆ ಕೇಳಬೇಕು ಅಂತ ತೀರ್ಮಾನ ಆಗುವುದು, ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಗಾಡಿಯಲ್ಲಿ ಮೊಬಿಲೈಸರ್ ಬೇಡ ಅಂದಾಗ ವಾಚ್ ನೋಡಿದವಳು ನಾನೇ. ಆ ತಪ್ಪನ್ನು ಬೇರೆ ಯಾರ ಮೇಲೂ ಹಾಕಲು ಆಗೋದಿಲ್ಲ. ಆಮೇಲೆ ನಾನು ಮಾಡಿದ ಪ್ರತಿಯೊಂದು ಸರ್ವೆಯಲ್ಲೂ ಸ್ಥಳೀಯ ಸಹೋದ್ಯೋಗಿ ಒಂದು ಪ್ರಶ್ನೆಯ ಹತ್ತಿರ ನಿಂತರೆ ನಾನೂ ಅಲ್ಲೇ ನಿಲ್ಲುತ್ತೇನೆ. ಅವರು ಕಾರಣ ಹೇಳಲೇಬೇಕು ಅಂತ ಒತ್ತಾಯ ಮಾಡೋದಿಲ್ಲ.

2024ರಲ್ಲಿ ಅಲ್ಲಿನ ಅಧ್ಯಕ್ಷ ಜೋಸೆಫ್ ಬೊವಾಕಾಯ್ ಯುದ್ಧಾಪರಾಧಗಳ ಕೋರ್ಟ್ ಸ್ಥಾಪಿಸಲು ಒಂದು ಕಚೇರಿ ತೆರೆಯುವ ಆದೇಶಕ್ಕೆ ಸಹಿ ಹಾಕಿದ ಸುದ್ದಿ ಓದಿದೆ. ಕೋರ್ಟ್ ಬರಬೇಕು ಅಂತಲೇ ನನ್ನ ಅಭಿಪ್ರಾಯ. ಆ ಹೆಂಗಸರಲ್ಲಿ ಕೆಲವರಿಗೂ ಅದು ಬೇಕಿತ್ತು, ಬಾಯಿಬಿಟ್ಟು ಹೇಳಿದ್ದರು. ಹೇಳಿಕೆ ತೆಗೆದುಕೊಳ್ಳಲು ಹೋಗುವವರಿಗೆ ಯಾರಾದರೂ ಹೇಳಬೇಕು, ಬಾಗಿಲು ಹಾಕಿಕೊಂಡು ಕೂರಿ, ಅವಳು ಕರೆದ ದಿನವೇ ಹೋಗಿ, ಸಾಕು ಅಂದಾಗ ಏಳಿ ಅಂತ.

ಪೆಟ್ಟಿಗೆ ತೆಗೆದದ್ದು ನಾಲ್ಕನೇ ಬುಧವಾರ. ನನಗೆ ಬರಲು ಹೇಳಿದ್ದರು, ಬಾಗಿಲ ಹತ್ತಿರ ಕೂತಿದ್ದೆ. ಎರಡು ಕೀ ಬಂದಿದ್ದವು. ಮೂರನೆಯದಕ್ಕೆ ಎಲ್ಲರೂ ಕಾದರು. ಮಳೆ ನಿಂತಿತ್ತು. ಅವಳು ದಾರಿಯಲ್ಲಿ ನಿಧಾನಕ್ಕೆ ಬಂದಳು, ಮಗು ಬೆನ್ನಿನಲ್ಲಿತ್ತು, ಕೀ ಲಪ್ಪಾದ ತುದಿಗೆ ಗಂಟು ಹಾಕಿಕೊಂಡಿದ್ದಳು. ಗಂಟು ಬಿಚ್ಚಲು ಆಗದೆ ಒದ್ದಾಡಿದಾಗ, ಮಗನನ್ನು ಕಳೆದುಕೊಂಡವಳು ಬಗ್ಗಿ ಹಲ್ಲಿನಿಂದ ಬಿಚ್ಚಿಕೊಟ್ಟಳು. ಮೂರು ಬೀಗ ತೆಗೆದರು. ಓಲ್ಡ್‌ಮಾ ದುಡ್ಡು ಎಣಿಸಿ, ಮೊದಲು ಶಾಲೆಗೆ ತಡವಾದ ಮಕ್ಕಳ ತಾಯಂದಿರನ್ನು ಕರೆದರು.